ಮೂರು ಫೀಲ್ಡ್, ಒಂದೇ ಸ್ಪೇಸ್: ಕೋಬಾಲ್‌ನಲ್ಲಿ ಡೇಟಾ ಟೈಪ್ ಪರೀಕ್ಷಿಸಲು ಹೋದ ಒಂದು ಪ್ರಕರಣ

"ಸರ್, ಈ ವೇರಿಯಬಲ್‌ನ ಟೈಪ್ ಏನು ಅಂತ ಪ್ರೋಗ್ರಾಂ ಒಳಗಿಂದಲೇ ಕೇಳೋದು ಹೇಗೆ?"

ಪೈಥಾನ್‌ನಲ್ಲಿ ಮೂರು ವರ್ಷ ಕೆಲಸ ಮಾಡಿ ನಮ್ಮ ಕೋಬಾಲ್ ತಂಡಕ್ಕೆ ಬಂದಿದ್ದ ಹೊಸ ಸಹೋದ್ಯೋಗಿ ಮೊದಲ ವಾರವೇ ಕೇಳಿದ ಪ್ರಶ್ನೆ ಇದು. ಅವರಿಗೆ ಅಭ್ಯಾಸವಾಗಿದ್ದ ಭಾಷೆಯಲ್ಲಿ ಅದಕ್ಕೇ ಒಂದು ಫಂಕ್ಷನ್ ಇದೆ. ವೇರಿಯಬಲ್ ಕೊಟ್ಟರೆ ಇದು ಇಂಟಿಜರ್, ಇದು ಸ್ಟ್ರಿಂಗ್ ಅಂತ ಹೇಳಿಬಿಡುತ್ತದೆ. ಕೋಬಾಲ್‌ನಲ್ಲಿ ಅಂಥದ್ದು ಇಲ್ಲ. "ಕೇಳೋಕಾಗಲ್ಲ, ಡೇಟಾ ಡಿವಿಷನ್ ತೆಗೆದು ನೋಡಿ" ಅಂದೆ. ಪ್ರೋಗ್ರಾಂನಲ್ಲಿ ಪ್ರತಿ ಫೀಲ್ಡ್‌ನ ವಿವರಣೆ ಬರೆಯುವ ಭಾಗ ಅದು. ನಾನು ಕೊಟ್ಟಿದ್ದು ಅರ್ಧ ಉತ್ತರ. ಉಳಿದ ಅರ್ಧ ಇಬ್ಬರಿಗೂ ಸಿಕ್ಕಿದ್ದು ಅದಾದ ಕೆಲವೇ ದಿನಗಳಲ್ಲಿ, ರಾತ್ರಿ ಎರಡು ಗಂಟೆಗೆ ನಿಂತುಹೋದ ಒಂದು ಬ್ಯಾಚ್ ಜಾಬ್‌ನಲ್ಲಿ. ಆ ಪ್ರಕರಣವನ್ನು ಪೂರ್ತಿ ಬರೆದಿಡಬೇಕು ಅನ್ನಿಸಿತು. ಓದಲು ಸುಲಭವಾಗಲಿ ಅಂತ ಕೋಡ್ ಸಾಲುಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ.

ಜಾಬ್ ದೊಡ್ಡದೇನಲ್ಲ. ಇನ್ನೊಂದು ತಂಡದ ಪ್ರೋಗ್ರಾಂ ದಿನದ ವಹಿವಾಟುಗಳನ್ನು ಒಂದು ಫೈಲ್‌ಗೆ ಬರೆಯುತ್ತದೆ. ನಮ್ಮ ಪ್ರೋಗ್ರಾಂ ಅದನ್ನು ಓದಿ ಮೊತ್ತ ಕೂಡಿಸುತ್ತದೆ, ಪ್ರಮಾಣ ಕೂಡಿಸುತ್ತದೆ, ಕೊನೆಯ ಸೀಕ್ವೆನ್ಸ್ ನಂಬರನ್ನು ಕಂಟ್ರೋಲ್ ಫೈಲ್‌ನಲ್ಲಿ ಬರೆದಿಡುತ್ತದೆ. ಎರಡೂ ಕಡೆ ಒಂದೇ ಕಾಪಿಬುಕ್, ಅಂದರೆ ಪ್ರೋಗ್ರಾಂಗಳು ಹಂಚಿಕೊಳ್ಳಲು ಫೀಲ್ಡ್‌ಗಳ ಘೋಷಣೆ ಬರೆದಿಟ್ಟ ಫೈಲ್. ರೆಕಾರ್ಡ್ 80 ಬೈಟ್:

01 ಇನ್-ರೆಕ್.
05 ಇನ್-ಟೈಪ್ ಪಿಕ್ ಎಕ್ಸ್.
05 ಇನ್-ಸೀಕ್ವೆನ್ಸ್ ಪಿಕ್ ಎಸ್9(4) ಕಾಂಪ್.
05 ಇನ್-ಕ್ವಾಂಟಿಟಿ ಪಿಕ್ 9(5).
05 ಇನ್-ಅಮೌಂಟ್ ಪಿಕ್ ಎಸ್9(7)ವಿ99 ಕಾಂಪ್-3.
05 ಇನ್-ರೆಫರೆನ್ಸ್ ಪಿಕ್ ಎಕ್ಸ್(12).
05 ಫಿಲ್ಲರ್ ಪಿಕ್ ಎಕ್ಸ್(55).

ಪಿಕ್ ಅಂದರೆ ಪಿಕ್ಚರ್, ಫೀಲ್ಡ್‌ನ ಆಕಾರ. ಎಕ್ಸ್ ಅಂದರೆ ಯಾವುದೇ ಅಕ್ಷರ, 9 ಅಂದರೆ ಅಂಕಿ, ಎಸ್ ಅಂದರೆ ಚಿಹ್ನೆ ಉಂಟು, ವಿ ಅಂದರೆ ದಶಾಂಶದ ಜಾಗ. ಫಿಲ್ಲರ್ ಅಂದರೆ ಹೆಸರಿಲ್ಲದ ಉಳಿಕೆ ಜಾಗ. ಇದರಲ್ಲಿ ಮೂರು ಸಂಖ್ಯೆಗಳಿವೆ. ಮೂರನ್ನೂ ಮೂರು ರೀತಿಯಲ್ಲಿ ಇಟ್ಟಿದ್ದಾರೆ. ಸೀಕ್ವೆನ್ಸ್ ಬೈನರಿ (ಕಾಂಪ್), 2 ಬೈಟ್. ಕ್ವಾಂಟಿಟಿ ಡಿಸ್‌ಪ್ಲೇ, ಅಂದರೆ ಝೋನ್ಡ್, ಒಂದು ಅಂಕಿಗೆ ಒಂದು ಬೈಟ್‌ನಂತೆ 5 ಬೈಟ್. ಅಮೌಂಟ್ ಪ್ಯಾಕ್ಡ್ (ಕಾಂಪ್-3). ಅದರಲ್ಲಿ ಅರ್ಧ ಬೈಟ್‌ಗೆ ಒಂದು ಅಂಕಿ, ಕೊನೆಯ ಅರ್ಧ ಬೈಟ್‌ನಲ್ಲಿ ಚಿಹ್ನೆ. 9 ಅಂಕಿ, 1 ಚಿಹ್ನೆ, ಒಟ್ಟು 10 ಅರ್ಧ ಬೈಟ್. ಹಾಗಾಗಿ ಅದೂ 5 ಬೈಟೇ. ಈ ಮೂರು ಪಕ್ಕಪಕ್ಕದಲ್ಲಿ ಇದ್ದಿದ್ದರಿಂದಲೇ ನಮಗೆ ವಿಷಯ ಇಷ್ಟು ಚೆನ್ನಾಗಿ ಅರ್ಥವಾಯಿತು.

ಆ ರಾತ್ರಿ

ಜಾಬ್ ಎಸ್0ಸಿ7 ಕೊಟ್ಟು ಬಿದ್ದಿತ್ತು. ಮೇನ್‌ಫ್ರೇಮ್‌ನವರು ಬಾಯಿಮಾತಲ್ಲಿ 'ಸಾಕ್ ಸೆವೆನ್' ಅಂತಾರೆ. ಡೇಟಾ ಎಕ್ಸೆಪ್ಷನ್ ಅದು. ಅಂಕಿ ಇರಬೇಕಾದ ಕಡೆ ಅಂಕಿ ಇಲ್ಲ ಅಂತ ಅರ್ಥ.

ಡಂಪ್‌ನಲ್ಲಿ (ಬಿದ್ದ ಹೊತ್ತಿನ ಮೆಮೊರಿಯ ಪ್ರತಿ) ಇದ್ದ ಆಫ್‌ಸೆಟ್, ಅಂದರೆ ಬಿದ್ದ ಜಾಗದ ಗುರುತು ಹಿಡಿದು ಕಂಪೈಲ್ ಲಿಸ್ಟಿಂಗ್‌ನಲ್ಲಿ ಸಾಲು ಹುಡುಕಿದೆವು. 'ಆ್ಯಡ್ ಇನ್-ಅಮೌಂಟ್ ಟು ಡಬ್ಲ್ಯೂಎಸ್-ಅಮೌಂಟ್-ಟೋಟಲ್' ಅನ್ನುವ ಸಾಲು. ಇನ್‌ಪುಟ್ ಫೈಲ್ ತೆಗೆದು 'ಹೆಕ್ಸ್ ಆನ್' ಕೊಟ್ಟೆವು. ಹಾಗೆ ಕೊಟ್ಟರೆ ಪ್ರತಿ ಬೈಟ್ ಮೇಲೆ ಕೆಳಗೆ ಎರಡು ಹೆಕ್ಸ್ (ಹದಿನಾರರ ಲೆಕ್ಕದ) ಅಂಕಿಯಾಗಿ ಕಾಣುತ್ತದೆ. ಒಳ್ಳೆಯ ರೆಕಾರ್ಡ್‌ನಲ್ಲಿ, ಮೊತ್ತ 125.00 ಇದ್ದ ಕಡೆ, ಬೈಟ್‌ಗಳು ಹೀಗಿದ್ದವು: 00 00 12 50 0ಸಿ. ಕೊನೆಯ ಸಿ ಅಂದರೆ ಪ್ಲಸ್. ಡಿ ಇದ್ದರೆ ಮೈನಸ್. ಕೆಟ್ಟ ರೆಕಾರ್ಡ್‌ನಲ್ಲಿ ಅದೇ ಜಾಗದಲ್ಲಿ 40 40 40 40 40.

ಮೇನ್‌ಫ್ರೇಮ್‌ನ ಅಕ್ಷರ ಸಂಕೇತವಾದ ಎಬ್ಸಿಡಿಕ್‌ನಲ್ಲಿ 40 ಅಂದರೆ ಸ್ಪೇಸ್. ಯಾರೋ ಮೊತ್ತದ ಜಾಗದಲ್ಲಿ ಖಾಲಿ ಬಿಟ್ಟಿದ್ದರು.

"ಹಾಗಾದ್ರೆ ಈಗ ಇನ್-ಅಮೌಂಟ್‌ನ ಟೈಪ್ ಏನು ಸರ್? ನಂಬರ್ರಾ, ಸ್ಟ್ರಿಂಗಾ?" ಅಂತ ಅವರು ಕೇಳಿದರು. ಒಳ್ಳೆಯ ಪ್ರಶ್ನೆ. ಕಂಪೈಲರ್‌ಗೆ ಅದು ಇನ್ನೂ ಪ್ಯಾಕ್ಡ್ ನಂಬರ್‌ರೇ. ಬೈಟ್‌ಗಳಿಗೆ ತಮ್ಮ ಟೈಪ್ ಏನು ಅಂತ ಗೊತ್ತೇ ಇಲ್ಲ. ಪೈಥಾನ್‌ನಲ್ಲಿ ಪ್ರತಿ ವಸ್ತುವೂ ತನ್ನ ಟೈಪನ್ನು ಜೊತೆಯಲ್ಲೇ ಹೊತ್ತುಕೊಂಡು ತಿರುಗುತ್ತದೆ. ಕೋಬಾಲ್‌ನಲ್ಲಿ ಹಾಗಿಲ್ಲ. 1959ರಲ್ಲಿ ಈ ಭಾಷೆಯ ಕೆಲಸ ಶುರುವಾದಾಗ ಮೆಮೊರಿಯ ಒಂದೊಂದು ಅಕ್ಷರವೂ ದುಬಾರಿ. ಡೇಟಾದ ವಿವರಣೆಯನ್ನು ಬೇರೆ ಡಿವಿಷನ್‌ನಲ್ಲಿ ಬರೆದರು. ಕಂಪೈಲ್ ಮಾಡುವಾಗ ಆ ವಿವರಣೆ ನೋಡಿ ತಕ್ಕ ಮೆಷಿನ್ ಸೂಚನೆ ಹುಟ್ಟುತ್ತದೆ. ಅಲ್ಲಿಗೆ ವಿವರಣೆಯ ಕೆಲಸ ಮುಗಿಯಿತು. ಓಡುವ ಹೊತ್ತಿಗೆ ಉಳಿಯುವುದು ಬರೀ ಬೈಟ್‌ಗಳು.

ಹಾಗಾಗಿ ಟೈಪ್ ನೋಡುವುದು ಅಂದರೆ ಇಲ್ಲಿ ಎರಡು ಬೇರೆ ಕೆಲಸ. ಒಂದು, ಘೋಷಣೆ ಏನು ಹೇಳುತ್ತದೆ ಅಂತ ನೋಡುವುದು. ಅದಕ್ಕೆ ಕಾಪಿಬುಕ್ ಇದೆ. ಅದಕ್ಕಿಂತ ಚೆನ್ನಾಗಿರುವುದು ಮ್ಯಾಪ್ ಆಯ್ಕೆ ಹಾಕಿ ಕಂಪೈಲ್ ಮಾಡಿದ ಲಿಸ್ಟಿಂಗ್. ಪ್ರತಿ ಫೀಲ್ಡ್‌ನ ಜಾಗ, ಉದ್ದ, ಬಗೆ ಎಲ್ಲವೂ ಅಲ್ಲಿ ಸಾಲಾಗಿ ಸಿಗುತ್ತವೆ. ಕಾಪಿಬುಕ್ ಒಳಗೆ ಕಾಪಿಬುಕ್ ಇರುವ ಕಡೆ, ಗ್ರೂಪ್ (ಹಲವು ಫೀಲ್ಡ್‌ಗಳ ಕಟ್ಟು) ಮಟ್ಟದಲ್ಲೇ ಕಾಂಪ್-3 ಅಂತ ಬರೆದು ಒಳಗಿನ ಫೀಲ್ಡ್‌ಗಳಲ್ಲಿ ಏನೂ ಬರೆಯದ ಕಡೆ, ಮ್ಯಾಪ್ ನೋಡದೆ ಹೇಳುವುದು ಕಷ್ಟ. ಎರಡು, ಒಳಗಿರುವ ಬೈಟ್‌ಗಳು ಆ ಘೋಷಣೆಗೆ ಹೊಂದುತ್ತವಾ ಅಂತ ನೋಡುವುದು. ಅದಕ್ಕೆ 'ಈಸ್ ನ್ಯೂಮರಿಕ್', 'ಈಸ್ ಆಲ್ಫಬೆಟಿಕ್' ಎಂಬ ಕ್ಲಾಸ್ ಕಂಡಿಷನ್‌ಗಳಿವೆ. ನಾನು ಮೊದಲು ಕೊಟ್ಟಿದ್ದು ಮೊದಲನೆಯದಕ್ಕೆ ಮಾತ್ರ ಉತ್ತರ.

ನಾನು ಅವಸರದಲ್ಲಿ ಮಾಡಿದ ತಪ್ಪು

ಬೆಳಗಾಗುವುದರೊಳಗೆ ಜಾಬ್ ಮುಗಿಯಬೇಕಿತ್ತು. ನಾನು ನಾಲ್ಕು ಸಾಲು ಸೇರಿಸಿದೆ:

ಇಫ್ ಇನ್-ಅಮೌಂಟ್ ಈಸ್ ನಾಟ್ ನ್ಯೂಮರಿಕ್
   ಮೂವ್ ಝೀರೋ ಟು ಇನ್-ಅಮೌಂಟ್
   ಆ್ಯಡ್ 1 ಟು ಡಬ್ಲ್ಯೂಎಸ್-ಬ್ಯಾಡ್-ಕೌಂಟ್
ಎಂಡ್-ಇಫ್

ಜಾಬ್ ಓಡಿತು. ಕೆಟ್ಟ ರೆಕಾರ್ಡ್ ಎಷ್ಟು ಅಂತ ಎಣಿಕೆಯೂ ಲಾಗ್‌ನಲ್ಲಿ ಬಂತು. ಎಲ್ಲ ಸರಿಹೋಯಿತು ಅಂದುಕೊಂಡು ಎದ್ದೆವು.

ಮರುದಿನ ರಾತ್ರಿ ಜಾಬ್ ಬೀಳಲಿಲ್ಲ. ಅದಕ್ಕಿಂತ ಕೆಟ್ಟದ್ದು ಆಯಿತು. ಸರಿಯಾದ ರೆಕಾರ್ಡ್‌ಗಳನ್ನೆಲ್ಲ 'ಇದು ಹಳೆಯದು, ಆಗಲೇ ಬಂದಿದೆ' ಅಂತ ತಿರಸ್ಕರಿಸಿ ಒಂದೂ ಎಬೆಂಡ್ (ಅರ್ಧಕ್ಕೇ ಬಿದ್ದುಹೋಗುವುದು) ಇಲ್ಲದೆ ಸುಸೂತ್ರವಾಗಿ ಮುಗಿಯಿತು.

ನಮ್ಮ ಪ್ರೋಗ್ರಾಂನಲ್ಲಿ ಒಂದು ನಿಯಮ ಇತ್ತು. ಇನ್-ಸೀಕ್ವೆನ್ಸ್ ಹಿಂದಿನ ಗರಿಷ್ಠಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಹೊಸ ರೆಕಾರ್ಡ್. ಕಂಟ್ರೋಲ್ ಫೈಲ್ ತೆಗೆದು ನೋಡಿದರೆ ಗರಿಷ್ಠದ ಜಾಗದಲ್ಲಿ ಬೈಟ್‌ಗಳು 40 40. ಹೆಕ್ಸ್ 40 ಅಂದರೆ ನಮ್ಮ ಲೆಕ್ಕದ 64. ಆ ಎರಡು ಬೈಟನ್ನು ಬೈನರಿಯಾಗಿ ಓದಿದರೆ 64 ಸಲ 256, ಅದಕ್ಕೆ 64 ಕೂಡಿಸಿ. 16448. ನಾಲ್ಕಂಕಿಯ ಫೀಲ್ಡ್‌ನಲ್ಲಿ ಹದಿನಾರು ಸಾವಿರದ ಚಿಲ್ಲರೆ. ಇನ್ನು ಯಾವ ರೆಕಾರ್ಡ್‌ ಬಂದರೂ ಅದರ ನಂಬರ್ ಇದಕ್ಕಿಂತ ಚಿಕ್ಕದೇ, ಅಲ್ವಾ.

16448 ಅನ್ನುವ ಸಂಖ್ಯೆಯನ್ನು ಹೊಸಬರು ಕಂಠಪಾಠ ಮಾಡಿಕೊಂಡರೆ ತಪ್ಪೇನಿಲ್ಲ. ಬೈನರಿ ಫೀಲ್ಡ್‌ನಲ್ಲಿ ಅದು ಕಂಡರೆ ಅಲ್ಲಿ ಎರಡು ಸ್ಪೇಸ್ ಕೂತಿವೆ ಅಂತಲೇ ಮೊದಲು ಅನುಮಾನಿಸಬೇಕು. ನಾಲ್ಕು ಬೈಟ್ ಆದರೆ 1077952576.

ಹಿಂದಿನ ರಾತ್ರಿಯ ಎಬೆಂಡ್ ನಮ್ಮನ್ನು ಕಾಪಾಡುತ್ತಿತ್ತು. ಅದನ್ನು ನಾನು ಬಾಯಿಮುಚ್ಚಿಸಿದ್ದೆ. ಮೊತ್ತದ ಫೀಲ್ಡ್ ಒಂದನ್ನೇ ಪರೀಕ್ಷಿಸಿದೆ. ಅದರ ಪಕ್ಕದಲ್ಲಿ ಅದೇ ಸ್ಪೇಸ್‌ಗಳು ತುಂಬಿದ್ದ ಇನ್ನೆರಡು ಫೀಲ್ಡ್‌ಗಳನ್ನು ನೋಡಲಿಲ್ಲ.

ಒಂದೇ ಸ್ಪೇಸ್, ಮೂರು ನಡತೆ

ಕಂಟ್ರೋಲ್ ಫೈಲ್ ಸರಿಮಾಡಿ, ಹಿಂದಿನ ರಾತ್ರಿಯ ಕೆಲಸ ಮತ್ತೆ ಓಡಿಸಿ, ಆಮೇಲೆ ಇಬ್ಬರೂ ಆ ಕೆಟ್ಟ ರೆಕಾರ್ಡ್ ಒಂದನ್ನೇ ಎದುರಿಗಿಟ್ಟುಕೊಂಡು ಕೂತೆವು. ಮೂರೂ ಫೀಲ್ಡ್‌ನಲ್ಲಿ 40. ಮೊತ್ತ ಎಬೆಂಡ್ ಆಯಿತು. ಸೀಕ್ವೆನ್ಸ್ 16448 ಆಯಿತು. ಕ್ವಾಂಟಿಟಿ ಏನೂ ಆಗದೆ ಸೊನ್ನೆಯಾಗಿ ಕೂಡಿಕೊಂಡಿತು. ಯಾಕೆ ಹೀಗೆ?

ಉತ್ತರ ಕೋಬಾಲ್‌ನಲ್ಲಿಲ್ಲ, ಕೆಳಗಿರುವ ಯಂತ್ರದಲ್ಲಿದೆ. 1964ರಲ್ಲಿ ಐಬಿಎಂ ಘೋಷಿಸಿದ ಸಿಸ್ಟಂ/360ರಿಂದಲೂ ಪ್ಯಾಕ್ಡ್ ಸಂಖ್ಯೆಗಳನ್ನು ನೇರವಾಗಿ ಕೂಡಿಸುವ ಸೂಚನೆ ಯಂತ್ರದಲ್ಲೇ ಇದೆ. ಆ ಸೂಚನೆ ಕೆಲಸ ಮಾಡುವಾಗ ಪ್ರತಿ ಅರ್ಧ ಬೈಟನ್ನೂ ನೋಡುತ್ತದೆ. ಅಂಕಿಯ ಜಾಗದಲ್ಲಿ 0ಯಿಂದ 9ರವರೆಗೆ ಇರಬೇಕು. ಚಿಹ್ನೆಯ ಜಾಗದಲ್ಲಿ ಎ ಇಂದ ಎಫ್‌ವರೆಗಿನ ಒಂದು ಇರಬೇಕು. 40 40 40 40 40ರಲ್ಲಿ ಅಂಕಿಗಳು 4, 0, 4, 0 ಹೀಗೆ. ಅವೆಲ್ಲ ಸರಿಯಾದ ಅಂಕಿಗಳೇ. ಆದರೆ ಕೊನೆಯ ಅರ್ಧ ಬೈಟ್ 0. ಅದು ಚಿಹ್ನೆಯಲ್ಲ. ಅಲ್ಲಿ ಯಂತ್ರ ಕೈ ಎತ್ತಿತು. ನಮ್ಮ ಎಸ್0ಸಿ7 ಹುಟ್ಟಿದ್ದು ಆ ಒಂದು ಅರ್ಧ ಬೈಟ್‌ನಿಂದ. ಲೋ-ವ್ಯಾಲ್ಯೂಸ್ (ಎಲ್ಲ ಬೈಟೂ 00) ತುಂಬಿದರೂ ಇದೇ ಕಥೆ. ಎಲ್ಲ ಸೊನ್ನೆ ಕಂಡರೂ ಚಿಹ್ನೆ ಇಲ್ಲ.

ಕ್ವಾಂಟಿಟಿ ಝೋನ್ಡ್. ಅದನ್ನು ಕೂಡಿಸಬೇಕಾದರೆ ಮೊದಲು ಪ್ಯಾಕ್ ಮಾಡಬೇಕು. ಪ್ಯಾಕ್ ಸೂಚನೆ ಏನನ್ನೂ ಪರೀಕ್ಷಿಸುವುದಿಲ್ಲ. ಪ್ರತಿ ಬೈಟ್‌ನ ಕೆಳಗಿನ ಅರ್ಧವನ್ನು ಎತ್ತಿಕೊಂಡು ಹೋಗುತ್ತದೆ ಅಷ್ಟೇ. 'ಎಫ್5' ಇದ್ದರೆ 5 ಎತ್ತಿಕೊಳ್ಳುತ್ತದೆ. 40 ಇದ್ದರೆ 0 ಎತ್ತಿಕೊಳ್ಳುತ್ತದೆ. ಕೊನೆಯ ಬೈಟ್‌ನ ಮೇಲಿನ ಅರ್ಧ, ಅಂದರೆ 4, ಚಿಹ್ನೆಯ ಜಾಗಕ್ಕೆ ಬರುತ್ತದೆ. ಅಲ್ಲಾದರೂ ಸಿಕ್ಕಿಬೀಳಬೇಕಿತ್ತು. ಆದರೆ ಫೀಲ್ಡ್‌ನಲ್ಲಿ ಎಸ್ ಇಲ್ಲ, ಚಿಹ್ನೆ ಇಲ್ಲದ ಸಂಖ್ಯೆ. ನಮ್ಮ ಆಯ್ಕೆಗಳಲ್ಲಿ ಕಂಪೈಲರ್ ಆ ಜಾಗಕ್ಕೆ ತಾನೇ ಒಂದು ಎಫ್ ತುಂಬಿಸುವ ಕೋಡ್ ಹಾಕಿತ್ತು. ಸ್ಪೇಸ್‌ಗಳು ಸದ್ದಿಲ್ಲದೆ ಸೊನ್ನೆಯಾದವು.

ಈ ಸದ್ದಿಲ್ಲದ ಸೊನ್ನೆಯನ್ನು ನೆಚ್ಚಿಕೊಳ್ಳಬಾರದು. ಕಂಪೈಲರ್ ಬದಲಾದರೆ ನಡತೆ ಬದಲಾಗಬಹುದು. ಐಬಿಎಂನ ಕಂಪೈಲರ್ ಆದ ಎಂಟರ್‌ಪ್ರೈಸ್ ಕೋಬಾಲ್ 4ರಿಂದ 5ಕ್ಕೋ 6ಕ್ಕೋ ಹೋದ ಎಷ್ಟೋ ತಂಡಗಳು ಎಡವಿದ್ದು ಇಂಥ ಕಡೆಗಳಲ್ಲೇ. ವರ್ಷಗಟ್ಟಲೆ ಓಡಿದ ಪ್ರೋಗ್ರಾಂ, ಒಂದಕ್ಷರ ಬದಲಿಸಿಲ್ಲ, ಫಲಿತಾಂಶ ಬೇರೆ. ಝೋನ್‌ಡೇಟಾ ಎಂಬ ಕಂಪೈಲರ್ ಆಯ್ಕೆ ಬಂದಿದ್ದು ಇದಕ್ಕೇ.

ಬೈನರಿಯ ವಿಷಯ ಇನ್ನೂ ಸರಳ. ಎರಡು ಬೈಟ್‌ನಲ್ಲಿ ಯಾವ ಬಿಟ್‌ಗಳಿದ್ದರೂ ಅದು ಒಂದಲ್ಲ ಒಂದು ಸಂಖ್ಯೆಯೇ. ತಪ್ಪು ಬೈನರಿ ಅನ್ನುವುದೇ ಇಲ್ಲ. ಯಂತ್ರಕ್ಕೆ ದೂರಲು ಏನೂ ಸಿಗುವುದಿಲ್ಲ. ಆದ್ದರಿಂದಲೇ ಎಂಟರ್‌ಪ್ರೈಸ್ ಕೋಬಾಲ್‌ನಲ್ಲಿ ಕಾಂಪ್ ಫೀಲ್ಡ್ ಮೇಲೆ 'ಈಸ್ ನ್ಯೂಮರಿಕ್' ಕೇಳುವಂತೆಯೇ ಇಲ್ಲ. ನಮ್ಮ ಮೂರು ಬಗೆಗಳಲ್ಲಿ ಡಿಸ್‌ಪ್ಲೇ ಮತ್ತು ಪ್ಯಾಕ್ಡ್ ಫೀಲ್ಡ್‌ಗೆ ಮಾತ್ರ ಆ ಪ್ರಶ್ನೆ.

ಬೈನರಿಗೆ ಉಳಿದಿರುವುದು ವ್ಯಾಪ್ತಿ ನೋಡುವುದು. 1ರಿಂದ 9999ರ ಒಳಗಿದೆಯಾ ಅಂತ. ಅದರಲ್ಲೂ ಒಂದು ಸೂಕ್ಷ್ಮ ಇದೆ. ಟ್ರಂಕ್(ಆಪ್ಟ್) ಆಯ್ಕೆಯಲ್ಲಿ ಕಂಪೈಲ್ ಮಾಡಿದರೆ, ಡೇಟಾ ಪಿಕ್ಚರ್‌ಗೆ ಹೊಂದಿಕೊಂಡೇ ಇರುತ್ತದೆ ಅಂತ ಕಂಪೈಲರ್ ನಂಬಿಬಿಡುತ್ತದೆ. ನಾಲ್ಕಂಕಿಯ ಫೀಲ್ಡ್ 9999 ದಾಟುವುದೇ ಇಲ್ಲ ಅಂತ ನಂಬಿದವನ ಹತ್ತಿರ ದಾಟಿದೆಯಾ ಅಂತ ಕೇಳಿದರೆ ಸಿಗುವ ಉತ್ತರವನ್ನು ನಾನು ನಂಬುವುದಿಲ್ಲ. ಹಾಗಾಗಿ ಅದೇ ಎರಡು ಬೈಟ್‌ಗೆ ರೀಡಿಫೈನ್ಸ್‌ನಿಂದ ಪಿಕ್ ಎಕ್ಸ್(2) ಅಂತ ಇನ್ನೊಂದು ಹೆಸರು ಕೊಟ್ಟು, ಅದು ಸ್ಪೇಸಸ್‌ಗೆ ಸಮವಾ ಅಂತ ಮೊದಲು ನೋಡುತ್ತೇನೆ. 16448 ಎಂಬ ನಿಜವಾದ ನಂಬರ್ ಆ ನಾಲ್ಕಂಕಿಯ ಫೀಲ್ಡ್‌ಗೆ ನ್ಯಾಯವಾಗಿ ಬರುವಂತಿಲ್ಲ. ಆದ್ದರಿಂದ ಇಲ್ಲಿ ಈ ಪರೀಕ್ಷೆ ಒಳ್ಳೆಯ ರೆಕಾರ್ಡನ್ನು ತಪ್ಪಾಗಿ ಹಿಡಿಯುವುದಿಲ್ಲ.

ರೀಡಿಫೈನ್ಸ್ ಕೈಕೊಟ್ಟ ಕಡೆ

ಇದನ್ನು ಕೇಳಿ ನಮ್ಮ ಸಹೋದ್ಯೋಗಿಗೆ ಹುರುಪು ಬಂತು. ಎಲ್ಲ ಫೀಲ್ಡ್‌ಗೂ ಪಿಕ್ ಎಕ್ಸ್ ರೀಡಿಫೈನ್ಸ್ ಬರೆದು, ಎಲ್ಲದರ ಮೇಲೂ 'ಈಸ್ ನ್ಯೂಮರಿಕ್' ಹಾಕಿದರು. ಟೆಸ್ಟ್ ಓಡಿಸಿದರೆ ಒಂದೂ ರೆಕಾರ್ಡ್ ಪಾಸಾಗಲಿಲ್ಲ. 125.00 ಇದ್ದ ಒಳ್ಳೆಯ ರೆಕಾರ್ಡೂ ಹೊರಗೆ ಬಿತ್ತು.

ಕಾರಣ, 'ಈಸ್ ನ್ಯೂಮರಿಕ್' ಎಂಬುದು ಒಂದೇ ಪರೀಕ್ಷೆಯಲ್ಲ. ಯಾವ ಹೆಸರಿನಿಂದ ಕೇಳುತ್ತೇವೋ ಆ ಹೆಸರಿನ ಘೋಷಣೆಗೆ ತಕ್ಕಂತೆ ಅರ್ಥ ಬದಲಾಗುತ್ತದೆ. ಪಿಕ್ ಎಕ್ಸ್ ಹೆಸರಿನಿಂದ ಕೇಳಿದರೆ, ಪ್ರತಿ ಬೈಟೂ 0ಯಿಂದ 9ರವರೆಗಿನ ಅಕ್ಷರವಾ ಅಂತ ನೋಡುತ್ತದೆ. ಎಬ್ಸಿಡಿಕ್‌ನಲ್ಲಿ ಅದು ಎಫ್0ಯಿಂದ ಎಫ್9. ಪ್ಯಾಕ್ಡ್ ಹೆಸರಿನಿಂದ ಕೇಳಿದರೆ ಅರ್ಧ ಬೈಟ್‌ಗಳನ್ನು, ಕೊನೆಯ ಚಿಹ್ನೆಯನ್ನು ನೋಡುತ್ತದೆ.

ಅವರಿಗೆ ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. 00 00 12 50 0ಸಿ: ಪ್ಯಾಕ್ಡ್ ಹೆಸರಿನಿಂದ ಕೇಳಿದರೆ ನ್ಯೂಮರಿಕ್, ಎಕ್ಸ್ ಹೆಸರಿನಿಂದ ಕೇಳಿದರೆ ಅಲ್ಲ. ಎಫ್0 ಎಫ್0 ಎಫ್1 ಎಫ್2 ಎಫ್5: ಎಕ್ಸ್‌ನಿಂದ ಕೇಳಿದರೆ ನ್ಯೂಮರಿಕ್, ಪ್ಯಾಕ್ಡ್‌ನಿಂದ ಕೇಳಿದರೆ ಅಲ್ಲ. 40 40 40 40 40: ಎರಡರಿಂದಲೂ ಅಲ್ಲ. ಬೈಟ್ ಅದೇ, ಹೆಸರು ಬೇರೆ, ಉತ್ತರ ಬೇರೆ. ಅವರು ಆ ಹಾಳೆಯನ್ನು ಫೋಟೋ ತೆಗೆದುಕೊಂಡರು.

ಅವತ್ತೇ ಇನ್ನೊಂದು ಅನುಮಾನ ಬಂತು ಅವರಿಗೆ. ಬೇರೊಂದು ಫೈಲ್‌ನಲ್ಲಿ ಪಿಕ್ ಎಸ್9(3) ಇರುವ ಕಡೆ ಸ್ಕ್ರೀನ್ ಮೇಲೆ '12ಎನ್' ಅಂತ ಕಾಣುತ್ತಿತ್ತು. ಅಂಕಿಗಳ ನಡುವೆ ಇಂಗ್ಲಿಷ್ ಅಕ್ಷರ ಹೇಗೆ ಬಂತು, ಕೆಟ್ಟಿದೆ ಅಂದರು. ಕೆಟ್ಟಿರಲಿಲ್ಲ. ಅದು ಮೈನಸ್ 125. ಝೋನ್ಡ್ ಸಂಖ್ಯೆಗೆ ಎಸ್ ಇದ್ದು ಚಿಹ್ನೆಗೆ ಬೇರೆ ಬೈಟ್ ಕೊಡದಿದ್ದರೆ, ಚಿಹ್ನೆ ಕೊನೆಯ ಅಂಕಿಯ ಮೇಲಿನ ಅರ್ಧದಲ್ಲಿ ಕೂರುತ್ತದೆ. ಡಿ5 ಅಂದರೆ ಮೈನಸ್ ಆದ 5. ಅದೇ ಡಿ5 ಎಬ್ಸಿಡಿಕ್‌ನಲ್ಲಿ ಎನ್ ಅಕ್ಷರ. 'ಈಸ್ ನ್ಯೂಮರಿಕ್' ಕೇಳಿದರೆ ಎಸ್9(3) ಹೆಸರಿನಿಂದ ಹೌದು ಅನ್ನುತ್ತದೆ. ಕಣ್ಣಿಗೆ ಕಾಣುವುದನ್ನು ನಂಬಿ ಇಂಥ ರೆಕಾರ್ಡನ್ನು ತೆಗೆದುಹಾಕಿದವರನ್ನು ನೋಡಿದ್ದೇನೆ. ಸುಮ್ನೆ ಒಳ್ಳೆಯ ಡೇಟಾ ಹೋಗುತ್ತದೆ.

ಸ್ಪೇಸ್ ಬಂದದ್ದು ಎಲ್ಲಿಂದ

ಕಳಿಸುವ ತಂಡದ ಪ್ರೋಗ್ರಾಂ ತರಿಸಿಕೊಂಡು ಓದಿದೆವು. ರೆಕಾರ್ಡ್ ಕಟ್ಟುವ ಮೊದಲು ಅಲ್ಲೊಂದು ಸಾಲು: 'ಮೂವ್ ಸ್ಪೇಸಸ್ ಟು ಔಟ್-ರೆಕ್'. ಅದೇ ರೆಕಾರ್ಡ್‌ಗೆ ಅವರ ಕಡೆಯ ಹೆಸರು ಔಟ್-ರೆಕ್. ಮೇಲ್ನೋಟಕ್ಕೆ ಎಷ್ಟು ಶುದ್ಧವಾದ ಸಾಲು. ಬರೆಯುವ ಮುಂಚೆ ಪಾತ್ರೆ ತೊಳೆದಂತೆ.

ಆದರೆ ಔಟ್-ರೆಕ್ ಒಂದು ಗ್ರೂಪ್. ಕೋಬಾಲ್ ಗ್ರೂಪನ್ನು ಯಾವಾಗಲೂ ಆಲ್ಫಾನ್ಯೂಮರಿಕ್ ಅಂತಲೇ ನೋಡುತ್ತದೆ. ಒಳಗೆ ಪ್ಯಾಕ್ಡ್ ಇದೆಯೋ ಬೈನರಿ ಇದೆಯೋ ಅದಕ್ಕೆ ಲೆಕ್ಕವಿಲ್ಲ. 80 ಬೈಟ್‌ಗೂ 40 ತುಂಬುತ್ತದೆ. ಮೊತ್ತದ ಫೀಲ್ಡ್‌ಗೇ ನೇರವಾಗಿ 'ಮೂವ್ ಸ್ಪೇಸಸ್' ಬರೆದಿದ್ದರೆ ಕಂಪೈಲರ್ ತಡೆಯುತ್ತಿತ್ತು. ಗ್ರೂಪ್ ಹೆಸರಿನಲ್ಲಿ ಬರೆದರೆ ಎಚ್ಚರಿಕೆಯ ಒಂದು ಸಾಲೂ ಬರುವುದಿಲ್ಲ. ನನ್ನ ಪ್ರಕಾರ ಕೋಬಾಲ್‌ನಲ್ಲಿ ಟೈಪ್ ಕಳೆದುಹೋಗುವ ಅತಿ ದೊಡ್ಡ ದಾರಿ ಈ ಗ್ರೂಪ್ ಮೂವ್. ಫೈಲ್ ಓದುವುದೂ ಒಂದು ರೀತಿ ಗ್ರೂಪ್ ಮೂವ್‌ನಂತೆಯೇ. ಬೈಟ್‌ಗಳು ಬಂದು ಕೂರುತ್ತವೆ, ಯಾರೂ ಕೇಳುವುದಿಲ್ಲ. ಆಮೇಲೆ ಯಾವತ್ತೋ, ಯಾವುದೋ ಪ್ರೋಗ್ರಾಂನಲ್ಲಿ ಕೂಡಿಸುವ ಸಾಲಿನಲ್ಲಿ ಸ್ಫೋಟ. ತಪ್ಪು ಆದ ಜಾಗಕ್ಕೂ ಬಿದ್ದ ಜಾಗಕ್ಕೂ ಎರಡು ತಂಡಗಳ ದೂರ.

ಆ ಸಾಲಿನ ಕೆಳಗೆ, ದಾಖಲೆಯ ಬಗೆಗೆ ತಕ್ಕಂತೆ ದಾರಿ ಆರಿಸುವ ಇವ್ಯಾಲ್ಯುಯೇಟ್ ಇತ್ತು. ಮಾಮೂಲಿ ವಹಿವಾಟಿಗೆ ಎಲ್ಲ ಫೀಲ್ಡ್ ತುಂಬುತ್ತಿದ್ದರು. 'ರದ್ದು' ಎಂಬ ಹೊಸ ಬಗೆ ಅದೇ ದಿನ ಚಾಲ್ತಿಗೆ ಬಂದಿತ್ತು. ಅದರಲ್ಲಿ ಟೈಪ್ ಮತ್ತು ರೆಫರೆನ್ಸ್ ಮಾತ್ರ ತುಂಬಿ, ಉಳಿದದ್ದು ಬೇಡ ಅಂತ ಬಿಟ್ಟಿದ್ದರು. ಬೇಡ ಅಂತ ಬಿಟ್ಟ ಜಾಗದಲ್ಲಿ ಸ್ಪೇಸ್ ಉಳಿದಿತ್ತು.

ಇನ್ನೊಂದು ಬಗೆಯೂ ಕಣ್ಣಿಗೆ ಬಿತ್ತು. 'ಹೊಂದಾಣಿಕೆ' ದಾಖಲೆ. ಅದು ತುಂಬಾ ಹಳೆಯದು. ಅದರಲ್ಲಿ ಸೀಕ್ವೆನ್ಸ್ ಇದೆ, ಅಮೌಂಟ್ ಇದೆ, ಕ್ವಾಂಟಿಟಿ ತುಂಬಿಲ್ಲ. ಅಂದರೆ ಕ್ವಾಂಟಿಟಿಯ ಜಾಗದಲ್ಲಿ ಮೊದಲಿನಿಂದಲೂ ಸ್ಪೇಸ್. ನಮ್ಮ ಪ್ರೋಗ್ರಾಂ ಅದನ್ನು ಮೊದಲಿನಿಂದಲೂ ಸೊನ್ನೆ ಅಂತ ಕೂಡಿಸುತ್ತಾ ಬಂದಿತ್ತು. ಒಂದು ದಿನವೂ ಬೀಳಲಿಲ್ಲ. ಅದಕ್ಕೇ ಯಾರೂ ನೋಡಲಿಲ್ಲ.

ಲೆಕ್ಕ ಹೊಂದಿಸುವ ವಿಭಾಗದವರನ್ನು ಕೇಳಿದೆವು. ಪ್ರತಿ ತಿಂಗಳು ಪ್ರಮಾಣದಲ್ಲಿ ಸ್ವಲ್ಪ ವ್ಯತ್ಯಾಸ ಬರುತ್ತದೆ, ನಾವು ಕೈಯಲ್ಲಿ ಒಂದು ಸಾಲು ಸೇರಿಸಿ ಸರಿಮಾಡುತ್ತೇವೆ ಅಂದರು. ಹಿಂದಿನವರು ಹಾಗೇ ಹೇಳಿಕೊಟ್ಟಿದ್ದರಂತೆ. ಆ ವ್ಯತ್ಯಾಸವನ್ನೂ ಹೊಂದಾಣಿಕೆ ದಾಖಲೆಗಳ ಪ್ರಮಾಣವನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ತಾಳೆಯಾಯಿತು. ಎಬೆಂಡ್ ಆದ ಫೀಲ್ಡ್ ಒಂದು ರಾತ್ರಿ ನಿದ್ದೆ ಕೆಡಿಸಿತು. ಆಗದ ಫೀಲ್ಡ್ ಒಬ್ಬರ ಕೈಯಲ್ಲಿ ತಿಂಗಳು ತಿಂಗಳೂ ಕೆಲಸ ಮಾಡಿಸುತ್ತಿತ್ತು. ನನಗೆ ಬೇಸರವಾದದ್ದು ಎರಡನೆಯದಕ್ಕೆ ಜಾಸ್ತಿ.

ಸರಿಮಾಡಿದ್ದು ಹೇಗೆ

ಕಳಿಸುವ ತಂಡದವರು 'ಇನಿಷಿಯಲೈಸ್ ಔಟ್-ರೆಕ್' ಬರೆಯುತ್ತೇವೆ ಅಂದರು. ಒಳ್ಳೆಯ ಸಾಲು. ಇನಿಷಿಯಲೈಸ್ ಗ್ರೂಪಿನ ಒಳಗೆ ಇಳಿದು, ಪ್ರತಿ ಫೀಲ್ಡ್‌ನ ಬಗೆ ನೋಡಿ, ಸಂಖ್ಯೆಗೆ ಸರಿಯಾದ ರೂಪದ ಸೊನ್ನೆ, ಅಕ್ಷರಕ್ಕೆ ಸ್ಪೇಸ್ ಹಾಕುತ್ತದೆ. ಆದರೆ ಫಿಲ್ಲರನ್ನು ಮುಟ್ಟುವುದಿಲ್ಲ. ರೀಡಿಫೈನ್ಸ್ ಇರುವ ಫೀಲ್ಡನ್ನೂ ಮುಟ್ಟುವುದಿಲ್ಲ. ಹಿಂದಿನ ರೆಕಾರ್ಡ್‌ನ ಕಸ ಫಿಲ್ಲರ್‌ನಲ್ಲಿ ಉಳಿಯಬಹುದು. ಆದ್ದರಿಂದ ಮೊದಲು ಮೂವ್ ಸ್ಪೇಸಸ್, ತಕ್ಷಣ ಇನಿಷಿಯಲೈಸ್, ಎರಡೂ ಇರಲಿ ಅಂದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಮೊದಲ ರಾತ್ರಿಯ ತಪ್ಪನ್ನೇ ಚೆಂದವಾಗಿ ಮತ್ತೆ ಮಾಡಿದಂತಾಗುತ್ತಿತ್ತು. ರದ್ದಾದ ವಹಿವಾಟಿನ ಮೊತ್ತ ಸೊನ್ನೆಯಾ? ಈ ಪ್ರಶ್ನೆ ಕೇಳಿದ್ದು ನಮ್ಮ ಹೊಸ ಸಹೋದ್ಯೋಗಿ. ಯಾರಿಗೂ ಖಚಿತವಿರಲಿಲ್ಲ. ವ್ಯವಹಾರ ತಿಳಿದವರ ಹತ್ತಿರ ಹೋದೆವು. ಅವರು ಹೇಳಿದ್ದು: ಮೂಲ ವಹಿವಾಟು ಆಗಲೇ ಮೊತ್ತದಲ್ಲಿ ಸೇರಿರುತ್ತದೆ. ರದ್ದು ಆದಾಗ ಅದೇ ಮೊತ್ತ ಮೈನಸ್ ಆಗಿ ಬರಬೇಕು. ಸೊನ್ನೆ ಬಂದರೆ ರದ್ದಾದದ್ದು ರದ್ದಾಗುವುದೇ ಇಲ್ಲ.

ಅಂದರೆ ಆ ರಾತ್ರಿ ನಾನು ಹಾಕಿದ 'ಮೂವ್ ಝೀರೋ' ಪ್ರತಿಯೊಂದು ರದ್ದು ದಾಖಲೆಗೂ ತಪ್ಪು ಮೊತ್ತ ಕೊಟ್ಟಿತ್ತು. ಸೊನ್ನೆ ಒಂದು ಸರಿಯಾದ ಸಂಖ್ಯೆ. ನ್ಯೂಮರಿಕ್ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಆದರೆ ಇಲ್ಲಿ ಅದು ಸುಳ್ಳು. ಆ ನಾಲ್ಕು ಸಾಲನ್ನು ಅವತ್ತೇ ತೆಗೆದೆ. ಈಗ ನಮ್ಮ ಪ್ರೋಗ್ರಾಂ ಮೂರೂ ಫೀಲ್ಡನ್ನು ಓದಿದ ಕೂಡಲೇ ಪರೀಕ್ಷಿಸುತ್ತದೆ. ಅಮೌಂಟನ್ನೂ ಕ್ವಾಂಟಿಟಿಯನ್ನೂ ಅವುಗಳ ಸ್ವಂತ ಹೆಸರಿನಿಂದ 'ಈಸ್ ನ್ಯೂಮರಿಕ್' ಕೇಳುತ್ತದೆ. ಸೀಕ್ವೆನ್ಸ್‌ಗೆ ಸ್ಪೇಸ್ ಮತ್ತು ವ್ಯಾಪ್ತಿ ನೋಡುತ್ತದೆ. ಯಾವುದು ಸೋತರೂ ಪೂರ್ತಿ ರೆಕಾರ್ಡನ್ನು ಹಾಗೇ ರಿಜೆಕ್ಟ್ ಫೈಲ್‌ಗೆ ಬರೆಯುತ್ತದೆ, ಜೊತೆಗೆ ಯಾವ ಫೀಲ್ಡ್ ಅಂತ ಹೆಸರು, ಎಷ್ಟನೇ ರೆಕಾರ್ಡ್ ಅಂತ ನಂಬರ್. ಒಂದೇ ಒಂದು ರಿಜೆಕ್ಟ್ ಇದ್ದರೂ ಕಂಟ್ರೋಲ್ ಫೈಲ್ ಬರೆಯದೆ ನಿಲ್ಲುತ್ತದೆ. ಮೊತ್ತ ಇರುವ ಫೈಲ್‌ನಲ್ಲಿ ಇಷ್ಟು ಕಟ್ಟುನಿಟ್ಟು ಬೇಕು ಅನ್ನುವುದು ನನ್ನ ಅಭಿಪ್ರಾಯ. ತಂಡದಲ್ಲಿ ಎಲ್ಲರೂ ಒಪ್ಪಲಿಲ್ಲ, ರಾತ್ರಿ ಕರೆಗಳು ಜಾಸ್ತಿಯಾಗುತ್ತವೆ ಅಂದರು. ಆದರೂ ಉಳಿಸಿಕೊಂಡೆವು.

ಇನ್-ಟೈಪ್‌ಗೆ ಮೊದಲಿನಿಂದಲೂ ಒಂದು ಪರೀಕ್ಷೆ ಇತ್ತು, 'ಈಸ್ ಆಲ್ಫಬೆಟಿಕ್'. ಇದೂ ತೆಗೆಯಬೇಕಾಯಿತು. ಆಲ್ಫಬೆಟಿಕ್ ಅಂದರೆ ಅಕ್ಷರ ಅಥವಾ ಸ್ಪೇಸ್. ಪೂರ್ತಿ ಖಾಲಿ ಫೀಲ್ಡೂ ಪಾಸು. ಅದರ ಬದಲು 88 ಲೆವೆಲ್‌ನಲ್ಲಿ (ಫೀಲ್ಡ್‌ನ ಬೆಲೆಗೆ ಹೆಸರು ಕೊಡುವ ಘೋಷಣೆ) ನಮಗೆ ಗೊತ್ತಿರುವ ಮೂರು ಬಗೆಗಳನ್ನು ಮಾತ್ರ ಬರೆದು ಅದನ್ನೇ ಕೇಳುತ್ತೇವೆ.

ಟೆಸ್ಟ್ ಕಂಪೈಲ್‌ಗೆ ನಮ್‌ಚೆಕ್ ಆಯ್ಕೆ ಸೇರಿಸಿದೆವು. ಎಂಟರ್‌ಪ್ರೈಸ್ ಕೋಬಾಲ್ 6.2ರಿಂದ ಅದು ಇದೆ. ಸಂಖ್ಯೆಯ ಫೀಲ್ಡನ್ನು ಎಲ್ಲೆಲ್ಲಿ ಬಳಸುತ್ತೇವೋ ಅಲ್ಲೆಲ್ಲ ಕಂಪೈಲರೇ ಪರೀಕ್ಷೆ ಹುದುಗಿಸುತ್ತದೆ. ಝೋನ್ಡ್, ಪ್ಯಾಕ್ಡ್, ಬೈನರಿ ಮೂರಕ್ಕೂ ಬೇರೆ ಬೇರೆ ಉಪಆಯ್ಕೆ. ಸಿಕ್ಕಿದರೆ ಎಬೆಂಡ್ ಆಗಬೇಕೋ, ಬರೀ ಮೆಸೇಜ್ ಸಾಕೋ ಅಂತಲೂ ಹೇಳಬಹುದು. ನಾವು ಮೊದಲು ಮೆಸೇಜ್ ಇಟ್ಟು ಓಡಿಸಿದೆವು, ಒಂದೇ ಓಟದಲ್ಲಿ ಎಲ್ಲ ಜಾಗ ಸಿಗಲಿ ಅಂತ. ಪರೀಕ್ಷೆಗಳು ಜಾಸ್ತಿಯಾದಷ್ಟೂ ಓಟ ನಿಧಾನ. ಹಾಗಾಗಿ ಪ್ರೊಡಕ್ಷನ್‌ನಲ್ಲಿ ಹಾಕಿಲ್ಲ. ನಮ್ಮ ಸಹೋದ್ಯೋಗಿ ಮನೆಯಲ್ಲಿ ಗ್ನೂಕೋಬಾಲ್ ಎಂಬ ಉಚಿತ ಕಂಪೈಲರ್ ಹಾಕಿಕೊಂಡು ಅಭ್ಯಾಸ ಮಾಡುತ್ತಾರೆ. ಅಲ್ಲಿ ಕಂಪೈಲ್ ಮಾಡುವಾಗ ಡೀಬಗ್ ಆಯ್ಕೆ ಕೊಟ್ಟರೆ ಇಂಥದ್ದೇ ರಕ್ಷಣೆ ಸಿಗುತ್ತದೆ. ಫೀಲ್ಡ್‌ನ ಹೆಸರು ಹೇಳಿ, ಇದು ನ್ಯೂಮರಿಕ್ ಅಲ್ಲ ಅಂತ ಪ್ರೋಗ್ರಾಂ ನಿಲ್ಲುತ್ತದೆ.

ಅವರು ಇನ್ನೊಂದು ಕೇಳಿದ್ದರು. ಮನುಷ್ಯರು ಟೈಪ್ ಮಾಡಿದ ಸಂಖ್ಯೆ ಪಿಕ್ ಎಕ್ಸ್‌ನಲ್ಲಿ ಬಂದರೆ? ಹಿಂದೆ ಮುಂದೆ ಖಾಲಿ, ಮೈನಸ್, ದಶಾಂಶ ಚುಕ್ಕೆ ಎಲ್ಲ ಇರುತ್ತವೆ. ಅಲ್ಲಿ 'ಈಸ್ ನ್ಯೂಮರಿಕ್' ಕೆಲಸಕ್ಕೆ ಬರುವುದಿಲ್ಲ. ಒಂದು ಸ್ಪೇಸ್ ಇದ್ದರೂ ಇಲ್ಲ ಅನ್ನುತ್ತದೆ, ಚುಕ್ಕೆ ಇದ್ದರೂ ಇಲ್ಲ ಅನ್ನುತ್ತದೆ. ಅದಕ್ಕೆ, ಅಕ್ಷರಗಳಲ್ಲಿರುವ ಸಂಖ್ಯೆಯನ್ನು ನಿಜವಾದ ಸಂಖ್ಯೆ ಮಾಡಿಕೊಡುವ ನಮ್‌ವಾಲ್ ಫಂಕ್ಷನ್ ಇದೆ. ಗ್ನೂಕೋಬಾಲ್‌ನಲ್ಲಿ ಟೆಸ್ಟ್-ನಮ್‌ವಾಲ್ ಕೂಡ ಇದೆ. ಸರಿಯಿದ್ದರೆ 0 ಕೊಡುತ್ತದೆ, ಇಲ್ಲದಿದ್ದರೆ ಎಷ್ಟನೇ ಅಕ್ಷರದಲ್ಲಿ ಕೆಟ್ಟಿದೆ ಅಂತ ಹೇಳುತ್ತದೆ. ಮೊದಲು ಟೆಸ್ಟ್, ಆಮೇಲೆ ನಮ್‌ವಾಲ್.

ಕಳಿಸುವ ತಂಡದ ಬದಲಾವಣೆ ಮುಂದಿನ ರಿಲೀಸ್‌ನಲ್ಲಿ ಹೋಯಿತು. ರದ್ದು ದಾಖಲೆಯಲ್ಲಿ ಮೊತ್ತ ಈಗ 00 00 12 50 0ಡಿ ಅಂತ ಬರುತ್ತದೆ. ಹೊಂದಾಣಿಕೆ ದಾಖಲೆಯಲ್ಲಿ ಕ್ವಾಂಟಿಟಿ ತುಂಬಿ ಬರುತ್ತದೆ. ಲೆಕ್ಕದವರು ಆ ತಿಂಗಳು ಕೈಯಲ್ಲಿ ಸಾಲು ಸೇರಿಸಲು ಹೋಗಿ, ವ್ಯತ್ಯಾಸ ಇಲ್ಲ ಅಂತ ನಮಗೇ ಫೋನ್ ಮಾಡಿ ಕೇಳಿದರು, ಏನಾದರೂ ಬಿಟ್ಟುಹೋಗಿದೆಯಾ ಅಂತ.

ನಮ್ಮ ಟೆಸ್ಟ್ ಫೈಲ್‌ಗೆ ಸಹೋದ್ಯೋಗಿ ಒಂದು ಹೊಸ ರೆಕಾರ್ಡ್ ಸೇರಿಸಿದ್ದಾರೆ. ಮೊದಲ ಬೈಟ್‌ನಲ್ಲಿ ಸರಿಯಾದ ಟೈಪ್, ಉಳಿದ 79 ಬೈಟ್‌ನಲ್ಲಿ 40. ಯಾವ ಪ್ರೋಗ್ರಾಂ ಈ ಫೈಲ್ ಓದುತ್ತದೋ ಅದು ಆ ರೆಕಾರ್ಡನ್ನು ರಿಜೆಕ್ಟ್ ಮಾಡಬೇಕು. ನುಂಗಿಕೊಂಡು ಮುಂದೆ ಹೋದರೆ ಆ ಪ್ರೋಗ್ರಾಂ ಅವರ ಮೇಜಿಗೆ ವಾಪಸ್ ಬರುತ್ತದೆ. ಈವರೆಗೆ ಎರಡು ಬಂದಿವೆ.